ಹನ್ನೊಂದು ಹೆಂಗಸರು, ಒಂದೇ ಫೋನು

“ಎಣಿಸ್ಕೊಳ್ಳಿ ಟೀಚರಮ್ಮ. ಮೊದ್ಲು ಕಾರ್ಡು ಎಣಿಸಿ, ಆಮೇಲೆ ತಲೆ ಎಣಿಸಿ. ಎರಡೂ ತಾಳೆ ಆಗ್ಲಿಲ್ಲ ಅಂದ್ರೆ ಪೊಲೀಸ್ನೋರನ್ನ ಕರೆಸಿ.”

ಹಬ್ಸಾ ಕೊನೆಯ ಗುರುತಿನ ಕಾರ್ಡನ್ನು ಚಾಪೆಯ ಮೇಲಿಟ್ಟು ಹಿಂದಕ್ಕೆ ಸರಿದು ಕೂತಳು. ಐವತ್ತು ದಾಟಿದ ಹೆಂಗಸು. ಮೀನಿಗೆ ಉಪ್ಪು ಹಾಕಿ ಒಣಗಿಸುವುದು ಅವಳ ಕಸುಬು, ಉಪ್ಪು ಮಾತಿಗೂ ಸ್ವಲ್ಪ ಬಿದ್ದಿತ್ತು.

ಸಲ್ಮಿಯಾ ಎಣಿಸಿದಳು. ಹನ್ನೊಂದು ಕಾರ್ಡು. ತಲೆ ಎತ್ತಿ ಮತ್ತೆ ಎಣಿಸಿದಳು. ಹನ್ನೊಂದು ಹೆಂಗಸರು.

ಹನ್ನೊಂದು ಸುಳ್ಳು ಹೆಸರುಗಳ ಹಿಂದೆ ಅಡಗಿರುವ ಒಬ್ಬ ಕಳ್ಳನನ್ನು ಹಿಡಿದೆ ಎಂದು ವಾರದ ಹಿಂದೆ ಒಂದು ಜಾಲತಾಣದಲ್ಲಿ ಲೋಕಕ್ಕೆಲ್ಲ ಸಾರಿದ್ದ ಸಲ್ಮಿಯಾ, ಆ ಕಳ್ಳನ ಮುಖವನ್ನು ಕಣ್ಣಾರೆ ನೋಡಲೆಂದು ಇವತ್ತು ಆಚೆಹ್ ಕರಾವಳಿಯ ಕುಆಲಾ ಮೆರಿಯಾ ಎಂಬ ಈ ಮೀನುಗಾರರ ಹಳ್ಳಿಗೆ ಬಂದಿದ್ದಳು. ಕಳ್ಳ ಸಿಕ್ಕಿರಲಿಲ್ಲ. ಸಿಕ್ಕವರು ಇವರು.

“‘ಅಳಿವೆಯ ದೆವ್ವ’ ಬರೆದಿದ್ದು ಯಾರು?” ಎಂದು ಕೇಳಿದಳು.

ಮೂಲೆಯಲ್ಲಿದ್ದ ಸಣಕಲು ಹೆಂಗಸೊಬ್ಬಳು ಕೈ ಎತ್ತಿದಳು. “ನಾನು. ರುಕಾಯಾ. ನಂಗೆ ಬರೆಯೋಕೆ ಬರಲ್ಲ, ನಾನು ಹೇಳ್ದೆ, ಬದ್ರಿಯಾ ಒತ್ತಿದ್ಳು.”

“ಬಲೆ ಹೊಲಿಯೋದರ ಬಗ್ಗೆ?”

“ನಾನು.”

“ಮಗು ಮಲಗಿಸೋ ಹಾಡು?”

“ಅದು ನಮ್ಮತ್ತೇದು. ಬರೆದಿದ್ದು ನಾನು. ಅತ್ತೆ ಹೆಸರೂ ಹಾಕಿದೀನಿ, ನೋಡಿ ಬೇಕಾದ್ರೆ.”

ಚಾಪೆಯ ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಫೋನಿತ್ತು. ಒಂದೇ ಫೋನು. ಮಧ್ಯಾಹ್ನದ ನಮಾಜಿನ ನಂತರ ಅದು ಕೈಯಿಂದ ಕೈಗೆ ಹೋಗುತ್ತಿತ್ತು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಹತ್ತು ಹತ್ತು ನಿಮಿಷದ ಅಂತರದಲ್ಲಿ, ಒಂದೇ ಯಂತ್ರದಿಂದ, ಒಂದೇ ಕಿಟಕಿಯ ಬೆಳಕಿನಲ್ಲಿ ತೆಗೆದ ಚಿತ್ರಗಳೊಂದಿಗೆ ಹನ್ನೊಂದು ಬರಹ ಬೀಳುತ್ತವೆ ಎಂದು ಸಲ್ಮಿಯಾ ತನ್ನ ತೀರ್ಪಿನಲ್ಲಿ ಬರೆದಿದ್ದಳು. ಅಂಕಿಅಂಶವೆಲ್ಲ ಸರಿಯಾಗಿಯೇ ಇತ್ತು.

“ಆದ್ರೆ ದುಡ್ಡು?” ಎಂದಳು. ಮುಳುಗುವವಳು ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ ಆ ಪ್ರಶ್ನೆ ಹಿಡಿದುಕೊಂಡಳು. “ತಿಂಗಳ ಕೊನೆಗೆ ಹನ್ನೊಂದು ಖಾತೆ ದುಡ್ಡೂ ಒಂದೇ ಖಾತೆಗೆ ಹೋಗತ್ತೆ. ಮುಂದಿನ ತಿಂಗಳು ಇನ್ನೊಂದಕ್ಕೆ. ಜಾಡು ತಪ್ಪಿಸೋಕಲ್ವಾ ಅದು?”

ಹನ್ನೊಂದು ಜನರೂ ಮುಖ ಮುಖ ನೋಡಿಕೊಂಡರು. ರುಕಾಯಾಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು.

“ಜುಲೊ-ಜುಲೊ ಅಲ್ವಾ ಟೀಚರಮ್ಮ? ಚೀಟಿ! ಎಲ್ಲರೂ ಹಾಕೋದು, ಒಬ್ಬರು ಎತ್ಕೊಳ್ಳೋದು. ನಿಮ್ಮ ಬಿರೇನ್ ಪೇಟೇಲಿ ಹಾಕಲ್ವಾ?”

ಹಾಕುತ್ತಾರೆ. ಸಲ್ಮಿಯಾಳ ಶಾಲೆಯಲ್ಲೇ ಒಂಬತ್ತು ಜನ ಟೀಚರುಗಳ ಜುಲೊ-ಜುಲೊ ಇದೆ. ಹನ್ನೆರಡು ವರ್ಷದಿಂದ ಅವಳು ಅದರಲ್ಲಿದ್ದಾಳೆ. ಅಮ್ಮನ ಹೊಲಿಗೆ ಯಂತ್ರ ಬಂದದ್ದು ಅದರಿಂದ, ಮನೆಗೆ ಹೆಂಚು ಹೊದಿಸಿದ್ದು ಅದರಿಂದ. ಆಚೆ ಪ್ರಪಂಚದ ಯಾವನೋ ಗೊತ್ತಿಲ್ಲದೆ ಎಡವಿದ್ದರೆ ಬೇರೆ ಮಾತು. ಆಚೆಹ್ ನೆಲದಲ್ಲಿ ಹುಟ್ಟಿ, ತಿಂಗಳು ತಿಂಗಳೂ ತಾನೇ ಚೀಟಿ ಕಟ್ಟುವವಳು ಇಲ್ಲಿಯ ಬಡ ಹೆಂಗಸರ ಚೀಟಿಯನ್ನು ಗೆರೆ ಎಳೆದು, ಬಾಣ ಬರೆದು, ‘ಸಂಚು’ ಎಂದು ತಲೆಬರಹ ಕೊಟ್ಟಿದ್ದಳು.

ಅವಳಿಗೆ ಕಿವಿಯ ತುದಿಯವರೆಗೂ ಬಿಸಿ ಏರಿತು. ನಾಚಿಕೆ ಎಂದರೆ ಇಷ್ಟು ದೈಹಿಕವಾದದ್ದು ಎಂದು ಅವಳಿಗೆ ಮೂವತ್ತೆಂಟು ವರ್ಷಕ್ಕೆ ಗೊತ್ತಾಯಿತು.

ಗೆಮಾ ಎಂಬ ಆ ಜಾಲತಾಣದ ಸಂಗತಿ ಇಷ್ಟೇ. ಅಲ್ಲಿ ಬರೆದದ್ದಕ್ಕೆ ನಾಣ್ಯ ಸಿಗುತ್ತದೆ, ಕಣ್ಣಿಗೆ ಕಾಣದ ನಾಣ್ಯ, ಪೇಟೆಯಲ್ಲಿ ನಿಜವಾದ ದುಡ್ಡಾಗಿ ಬದಲಾಗುವಂಥದ್ದು. ಓದಿದವರು ಹಸಿರು ಗುಂಡಿ ಒತ್ತಿದರೆ ನಾಣ್ಯ ಬೀಳುತ್ತದೆ, ಕೆಂಪು ಒತ್ತಿದರೆ ಹೋಗುತ್ತದೆ. ಆದರೆ ಎಲ್ಲರ ಬೆರಳೂ ಒಂದೇ ಅಲ್ಲ. ಯಾರ ಬಳಿ ಹೆಚ್ಚು ನಾಣ್ಯವಿದೆಯೋ ಅವರ ಬೆರಳಿಗೆ ಹೆಚ್ಚು ತೂಕ. ಹೆಚ್ಚು ನಾಣ್ಯವಿರುವುದು ಮೊದಲು ಬಂದವರ ಬಳಿ. ಅವರನ್ನು ತಿಮಿಂಗಿಲಗಳು ಎನ್ನುತ್ತಾರೆ. ಸಲ್ಮಿಯಾ ಅಲ್ಲಿ ಕಾವಲುಗಾರ್ತಿ. ಕದ್ದು ಬರೆಯುವವರನ್ನು, ಸುಳ್ಳು ಹೆಸರಿನವರನ್ನು ಪತ್ತೆ ಹಚ್ಚಿ ತೀರ್ಪು ಬರೆಯುತ್ತಾಳೆ. ಆ ತೀರ್ಪು ಓದಿ ಬಿರೇನ್‌ನ ತಿಮಿಂಗಿಲ, ಊರೆಲ್ಲ ತೋಕೆ ಎಂದರೆ ಸಾಹುಕಾರ ಎಂದು ಕರೆಯುವ ತಾರ್ಮಿಜಿ, ಕೆಂಪು ಒತ್ತುತ್ತಾನೆ. ಎಂಬತ್ತನಾಲ್ಕು ಪ್ರಕರಣ ಹಿಡಿದಿದ್ದಳು. ಒಂದೂ ತಪ್ಪಿರಲಿಲ್ಲ ಎಂಬ ಜಂಬ ಅವಳಿಗಿತ್ತು.

ಕೆಂಪು ಬಿದ್ದ ಮೇಲೆ ಏಳು ದಿನ ಗಡುವು. ಒತ್ತಿದವನೇ ಅಷ್ಟರೊಳಗೆ ಹಿಂತೆಗೆದುಕೊಂಡರೆ ಹೆಸರು ಉಳಿಯಿತು. ಇಲ್ಲವಾದರೆ ಹೆಸರಿನ ಪಕ್ಕ ಸೊನ್ನೆಗಿಂತ ಕೆಳಗಿನ ಅಂಕೆ, ‘ಕಳ್ಳ ಖಾತೆ’ ಎಂಬ ಮಾತು, ಯಾರೂ ಯಾವತ್ತೂ ಅಳಿಸಲಾಗದಂತೆ. ತಾರ್ಮಿಜಿ ಒತ್ತಿದ್ದು ಕಳೆದ ಗುರುವಾರ ಸಂಜೆ ನಾಲ್ಕೂ ನಲವತ್ತಕ್ಕೆ. ಇವತ್ತು ಗುರುವಾರ.

“ನಮ್ಮ ನಾಣ್ಯ ಹೋದ್ರೆ ಹೋಗ್ಲಿ,” ಎಂದಳು ಬದ್ರಿಯಾ. ಅಷ್ಟು ಹೊತ್ತು ಅವಳು ಮಾತೇ ಆಡಿರಲಿಲ್ಲ. “ನನ್ನ ಮಗಳು ಏಳು ತಿಂಗಳ ಬಸುರಿ. ಮೊನ್ನೆ ಅವಳ ಅತ್ತೆ ಮನೆಯವರು ಅನ್ನ ತರ್ಬೇಕಿತ್ತು. ತರ್ಲಿಲ್ಲ. ಅವರ ಮಗನ ಫೋನಲ್ಲಿ ನಮ್ಮ ಹೆಸರು ಓದಿದ್ರಂತೆ. ಕಳ್ಳರ ಮನೆಗೆ ಅನ್ನ ಯಾಕೆ ಅಂದ್ರಂತೆ.”

ಏಳನೆಯ ತಿಂಗಳಿಗೆ ಅತ್ತೆ ತರುವ ಅನ್ನ ಬರಲಿಲ್ಲ ಎಂದರೆ ಊರಿಗೆ ಊರೇ ಕಿಟಕಿಯಿಂದ ನೋಡುತ್ತದೆ.

ಸಲ್ಮಿಯಾ ಚೀಲದಿಂದ ಒಂದು ಹಾಳೆ ತೆಗೆದಳು. ಮೂರು ವಾರದ ಹಿಂದೆ ಹೆಸರಿಲ್ಲದ ಖಾತೆಯೊಂದರಿಂದ ಬಂದ ಪತ್ರದ ಪ್ರತಿ. “ಇದನ್ನ ನಂಬಿ ನಾನು ಕೆಟ್ಟೆ. ಇದರಲ್ಲಿ ನಿಮ್ಮ ಹನ್ನೊಂದು ಖಾತೆ ಹೆಸರಿದೆ. ಮುಂದಿನ ನಾಲ್ಕು ತಿಂಗಳು ದುಡ್ಡು ಯಾರಿಗೆ ಯಾವ ಕ್ರಮದಲ್ಲಿ ಹೋಗತ್ತೆ ಅಂತ ಇದೆ. ಗುರುವಾರ ಮಧ್ಯಾಹ್ನ ಇವರು ಸೇರ್ತಾರೆ, ಬನ್ನಿ ಅಂತಾನೂ ಇದೆ. ಮೊದಲನೇ ತಿಂಗಳು ಬರೆದ ಹಾಗೇ ಆಯ್ತು. ಅದಕ್ಕೇ ನಂಬಿದೆ.”

“ಓದಿ,” ಎಂದಳು ಹಬ್ಸಾ.

ಓದಿದಳು. ಮೊದಲು ಹಬ್ಸಾ, ಆಮೇಲೆ ಇನ್ನಿಬ್ಬರು, ನಾಲ್ಕನೆಯದು ಬದ್ರಿಯಾ.

“ತಪ್ಪು,” ಎಂದರು ನಾಲ್ಕೈದು ಜನ ಒಟ್ಟಿಗೆ. “ನಾಲ್ಕನೇದು ರುಕಾಯಾ. ಚೀಟಿ ಎತ್ತಿದಾಗ ನಾವೆಲ್ಲಾ ಇದ್ವಲ್ಲ.”

ರುಕಾಯಾ ತಲೆ ತಗ್ಗಿಸಿದಳು. “ತಪ್ಪಲ್ಲ. ನಾವಿಬ್ರೂ ಆಮೇಲೆ ಬದಲಾಯಿಸ್ಕೊಂಡ್ವಿ. ಬದ್ರಿಯಾ ಮಗಳ ಹೆರಿಗೆ ಖರ್ಚಿಗೆ ಬೇಕಿತ್ತು. ನಿಮಗೆಲ್ಲ ಹೇಳೋಣ ಅಂತಿದ್ವಿ, ಅಷ್ಟರಲ್ಲಿ ಹೀಗಾಯ್ತು.”

ಸಲ್ಮಿಯಾಳ ಬೆನ್ನು ನೆಟ್ಟಗಾಯಿತು. ನಾಚಿಕೆಯ ಕೆಳಗೆ ಹಳೆಯ ಕಾವಲುಗಾರ್ತಿ ಇನ್ನೂ ಬದುಕಿದ್ದಳು. ಪತ್ರ ಬರೆದವರಿಗೆ ಈ ಬದಲಾವಣೆ ಗೊತ್ತಿತ್ತು. ಹಾಗಾದರೆ ಚೀಟಿ ಎತ್ತಿದಾಗ ಇದ್ದವರೆಲ್ಲ ಅಲ್ಲ, ಬದಲಾಯಿಸಿಕೊಂಡಾಗ ಇದ್ದವರು ಮಾತ್ರ.

“ಎಲ್ಲಿ ಮಾತಾಡ್ಕೊಂಡ್ರಿ? ಯಾರಿದ್ರು?”

“ನಮ್ಮನೆ ಅಡುಗೆ ಕೋಣೇಲಿ,” ಎಂದಳು ರುಕಾಯಾ. “ನಾನು, ಬದ್ರಿಯಾ, ಹಬ್ಸಕ್ಕ. ಇನ್ನು ಮೇಷ್ಟ್ರು.”

“ಯಾವ ಮೇಷ್ಟ್ರು?”

ರುಕಾಯಾ ನಾಲಿಗೆ ಕಚ್ಚಿಕೊಂಡಳು.

“ನಮಗೆ ಖಾತೆ ಮಾಡಿಕೊಟ್ಟೋರು, ಫೋನು ತಂದ್ಕೊಟ್ಟೋರು, ಒತ್ತೋದು ಹೇಳ್ಕೊಟ್ಟೋರು,” ಎಂದಳು ಹಬ್ಸಾ ನಿಧಾನವಾಗಿ. “ಹೆಸರು ಹೇಳಲ್ಲ. ‘ಹೇಳಬೇಡಿ, ಹೇಳಿದ್ರೆ ನಮ್ಮನೇಲಿ ಕಷ್ಟ ಆಗತ್ತೆ’ ಅಂದಿದಾರೆ ಅವರು.”

“ಆ ಮನುಷ್ಯನೇ ನಿಮ್ಮನ್ನ ಹಿಡ್ಕೊಟ್ಟಿರಬಹುದು ಹಬ್ಸಕ್ಕ!”

“ಇರಬಹುದು. ಇಲ್ಲದೇನೂ ಇರಬಹುದು.” ಹಬ್ಸಾ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಕೊಡತೊಡಗಿದಳು. “ಇನ್ನೊಬ್ಬರ ಹೆಸರು ಹೇಳೋದು ನಿಮ್ಮ ಉದ್ಯೋಗ ಟೀಚರಮ್ಮ. ನಮ್ಮದು ಮೀನು.”

ಬಿರೇನ್‌ಗೆ ಒಂದೂವರೆ ಗಂಟೆ ದಾರಿ. ತಾರ್ಮಿಜಿಯಿಂದ ಕೆಂಪು ಹಿಂತೆಗೆಸುತ್ತೇನೆ ಎಂದು ಹೆಂಗಸರಿಗೆ ಹೇಳಿ ಸಲ್ಮಿಯಾ ಬಸ್ಸು ಹತ್ತಿದ್ದಳು. ನಾಳೆಯಿಂದ ಉಪವಾಸದ ತಿಂಗಳು, ಇವತ್ತು ಮೆಗಾಂಗ್. ದಾರಿಯ ಉದ್ದಕ್ಕೂ ಮಾಂಸದ ಅಂಗಡಿಗಳು. ಈ ದಿನ ಮನೆಗೆ ಮಾಂಸ ತರದ ಗಂಡಸಿಗೆ ಮರ್ಯಾದೆ ಇಲ್ಲ, ಅತ್ತೆ ಮನೆಯಲ್ಲಿರುವ ಅಳಿಯನಿಗಂತೂ ಇಲ್ಲವೇ ಇಲ್ಲ. ಸಲ್ಮಿಯಾಳ ಗಂಡ ರಜಾಲಿ ಬಾಡಿಗೆ ವ್ಯಾನಿನ ಡ್ರೈವರು. ಹತ್ತು ದಿನದ ಹಿಂದೆ ಬೆಟ್ಟದ ಕಡೆ ಬಾಡಿಗೆ ಹೋದವನು ಇನ್ನೂ ಬಂದಿರಲಿಲ್ಲ. ಹೋದ ವರ್ಷ ಅವನು ತಂದದ್ದು ಅರ್ಧ ಕಿಲೋ. ಅಮ್ಮ ಅದನ್ನು ಇಡೀ ವರ್ಷ ನೆನಪಿಸಿದ್ದರು.

ಈ ಸಲ ಸಲ್ಮಿಯಾಳೇ ಮೂರು ಕಿಲೋ ತಂದಿದ್ದಳು, ನಿನ್ನೆ. ಅಮ್ಮ ಅಕ್ಕಪಕ್ಕದವರಿಗೆಲ್ಲ ಪಾತ್ರೆ ಎತ್ತಿ ತೋರಿಸಿದ್ದರು. ಆ ದುಡ್ಡು ಎಲ್ಲಿಯದು? ಹಿಡಿದುಕೊಟ್ಟ ಕಾವಲುಗಾರರಿಗೆ ಗೆಮಾದಲ್ಲಿ ಒಂದು ಪಾಲು ಸಿಗುತ್ತದೆ. ಹನ್ನೊಂದು ಹೆಂಗಸರ ಬಾಯಿಗೆ ಮಣ್ಣು ಹಾಕಿದ್ದಕ್ಕೆ ಸಿಕ್ಕ ಪಾಲು ಈಗ ಅಮ್ಮನ ಒಲೆಯ ಮೇಲೆ ವಿನೆಗರಿನಲ್ಲಿ ಬೇಯುತ್ತಿತ್ತು. ಬಸ್ಸಿನ ಕಿಟಕಿಗೆ ತಲೆ ಒತ್ತಿಕೊಂಡು ಸಲ್ಮಿಯಾ ಕಣ್ಣು ಮುಚ್ಚಿದಳು. ಯಾರೂ ತನ್ನನ್ನು ಗುರುತಿಸದಿರಲಿ ಎಂದು ಬೇಡಿಕೊಂಡಳು.

ತಾರ್ಮಿಜಿಯ ಕಾಫಿ ಅಂಗಡಿಯ ಫಲಕದ ಮೇಲೆ ನೀಲಿ ತಿಮಿಂಗಿಲದ ಚಿತ್ರವಿದೆ. ಒಂಬತ್ತು ವರ್ಷದ ಹಿಂದೆ ಅವನು ಇದೇ ಬಸ್ ನಿಲ್ದಾಣದ ಮುಂದೆ ಛತ್ರಿ ಹಿಡಿದು ಸಿಮ್ ಕಾರ್ಡು ಮಾರುತ್ತಿದ್ದ. ಗೆಮಾ ಆಗಷ್ಟೇ ಶುರುವಾಗಿತ್ತು, ಒಳಗೆ ಬಂದವರಿಗೆಲ್ಲ ನಾಣ್ಯ ಎರಚುತ್ತಿದ್ದರು. ತಾರ್ಮಿಜಿ ದಿನಾ ಬೆಳಗ್ಗೆ ಬೇಯಿಸಿದ ಮೊಟ್ಟೆಯ ಚಿತ್ರ ಹಾಕಿ ‘ಶುಭೋದಯ’ ಎಂದು ಬರೆದ. ಅದೇ ಅವನ ಸಾಹಿತ್ಯ. ಈಗ ಅವನು ಬಂದರೆ ಅಂಗಡಿಯಲ್ಲಿ ಕೂತ ಬರಹಗಾರರೆಲ್ಲ ಎದ್ದು ನಿಲ್ಲುತ್ತಾರೆ, ಇಂದಿಗೂ ಅವನ ಮೊಟ್ಟೆಗೆ ಬೀಳುವಷ್ಟು ಹಸಿರು ಯಾರ ಕಥೆಗೂ ಬೀಳುವುದಿಲ್ಲ.

ಸಲ್ಮಿಯಾ ಹೋದಾಗ ಮಾಂಸ ಹಂಚಿಕೆ ನಡೆದಿತ್ತು. ಸಾಲಾಗಿ ನಿಂತವರು ಒಬ್ಬೊಬ್ಬರಾಗಿ ಬಂದು ಪೊಟ್ಟಣ ತೆಗೆದುಕೊಂಡು, ಎದೆಯ ಹತ್ತಿರ ಹಿಡಿದು, ತೋಕೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಕೆಲವರು ಫೋಟೋದಲ್ಲಿ ನೆಲ ನೋಡುತ್ತಿದ್ದರು.

“ಬನ್ನಿ ಬನ್ನಿ ಪೊಲೀಸಮ್ಮ!” ಎಂದ ತಾರ್ಮಿಜಿ. ನಲವತ್ತೈದರ ಗಂಡಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಸದಾ ನಗುವ ಬಾಯಿ. “ನಿಮ್ಮ ಪೊಟ್ಟಣ ಬೇರೆ ಎತ್ತಿಟ್ಟಿದೀನಿ. ಮೂಳೆ ಇಲ್ಲದ್ದು.”

“ಮಾಂಸ ಬೇಡ ತೋಕೆ. ಕೆಂಪು ಹಿಂತೆಗೀರಿ. ಹನ್ನೊಂದು ಜನಾನೂ ನಿಜವಾದೋರು. ನಾನೇ ನೋಡಿ ಬಂದೆ. ತಪ್ಪು ನಂದು.”

ನಗು ಹಾಗೇ ಇತ್ತು, ಕಣ್ಣು ಮಾತ್ರ ಕೆಲಸಕ್ಕೆ ಇಳಿಯಿತು. ಒಳಗಿನ ಮೇಜಿಗೆ ಕರೆದೊಯ್ದು ಕೂರಿಸಿದ. ಬಟ್ಟೆಯ ಚೀಲದಲ್ಲಿ ಸೋಸಿದ ಕಾಫಿ ಎರಡು ಲೋಟ ಬಂತು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು.

“ಎಂಬತ್ತನಾಲ್ಕು ಸರಿ, ಒಂದು ತಪ್ಪು. ದೊಡ್ಡ ವಿಷಯ ಏನಲ್ಲ ಬಿಡಿ.”

“ಹಾಗಾದ್ರೆ ತೆಗೀರಿ.”

“ತೆಗೀತೀನಿ.” ತಾರ್ಮಿಜಿ ಕಾಫಿ ಊದಿ ಕುಡಿದ. “ಒಂದು ಹೆಸರು ಕೊಡಿ. ಅವರಿಗೆ ಪಾಠ ಹೇಳ್ಕೊಟ್ಟ ಮೇಷ್ಟ್ರ ಹೆಸರು.”

ಸಲ್ಮಿಯಾ ಬೆಚ್ಚಿದಳು. “ಮೇಷ್ಟ್ರು ಇದಾರೆ ಅಂತ ನಿಮಗೆ ಹೇಗೆ ಗೊತ್ತು?”

“ಟೀಚರಮ್ಮ, ನಿಮಗೆ ದುಡ್ಡು ಹೋಗೋ ದಾರಿ ಕಾಣ್ಸಿತು. ನಂಗೆ ಬೆರಳು ಹೋಗೋ ದಾರಿ ಕಾಣ್ಸಿತು.” ಅವನು ದನಿ ತಗ್ಗಿಸಿದ. “ಆ ಹನ್ನೊಂದು ಜನ ದಿನಕ್ಕೊಬ್ಬರಿಗೆ ಅಂತ ಸರದಿ ಹಾಕ್ಕೊಂಡು, ಎಲ್ಲರೂ ಸೇರಿ ಒಬ್ಬರಿಗೇ ಹಸಿರು ಒತ್ತುತ್ತಾರೆ. ಚೀಟಿ ಹಾಕೋದು ದುಡ್ಡಲ್ಲಷ್ಟೇ ಅಲ್ಲ, ಮೆಚ್ಚುಗೇಲೂ! ಹನ್ನೊಂದು ಇರುವೆ ಸೇರಿದ್ರೆ ಏನಾಗತ್ತೆ ಅಂತೀರಾ? ಈಗ ಇನ್ನೂ ನಾಲ್ಕು ಹಳ್ಳಿ ಕಲೀತಿದಾವೆ. ನಲವತ್ತು ಹಳ್ಳಿ ಆದ್ರೆ? ಆಮೇಲೆ ನನ್ನ ಬೆರಳು ಯಾರಿಗೆ ಬೇಕು? ಆ ಸಾಲಲ್ಲಿ ಯಾರು ನಿಲ್ತಾರೆ?”

ಹೊರಗೆ ಇನ್ನೊಂದು ಫೋಟೋ ತೆಗೆದ ಸದ್ದಾಯಿತು.

“ಅಂದ್ರೆ... ಇವರು ನಿಜವಾದ ಹೆಂಗಸರು ಅಂತ ನಿಮಗೆ ಮೊದ್ಲೇ ಗೊತ್ತಿತ್ತು.”

“ನೀವು ಕಳ್ಳರು ಅಂತ ಬರೆದ್ರಿ. ನಾನು ನಿಮ್ಮ ಮಾತಿಗೆ ಬೆಲೆ ಕೊಟ್ಟೆ. ಸಹಿ ನಿಮ್ಮದಲ್ವಾ?”

ಅವನು ಮೋಸ ಮಾಡಿದ್ದ, ನಿಜ. ಆದರೆ ಮೋಸಕ್ಕೆ ಬೇಕಾದ ಸುಳ್ಳನ್ನು ಅವಳೇ ನೀಟಾಗಿ ಬರೆದು ಕೊಟ್ಟಿದ್ದಳು.

“ನೀವು ಪತ್ತೆ ಮಾಡೋದ್ರಲ್ಲಿ ನಿಸ್ಸೀಮರು,” ಎಂದ ತಾರ್ಮಿಜಿ ಅಕ್ಕರೆಯಿಂದ. “ಮಾಡಿ. ‘ಹೆಂಗಸರು ಮುಗ್ಧರು, ಅವರನ್ನ ದಾರಿ ತಪ್ಪಿಸಿ ದುಡ್ಡು ಹೊಡೆಯೋಕೆ ನೋಡಿದೋನು ಇಂಥೋನು’ ಅಂತ ಬರೀರಿ. ನಾಲ್ಕೂ ನಲವತ್ತರ ಒಳಗೆ. ಹನ್ನೊಂದು ಹೆಸರು ಮೇಲೇಳತ್ತೆ, ಒಂದು ಹೆಸರು ಮುಳುಗತ್ತೆ. ನಷ್ಟ ಏನು ಹೇಳಿ?”

“ಹೆಸರು ನನಗೆ ಗೊತ್ತಿಲ್ಲ. ಅವರು ಹೇಳ್ಲಿಲ್ಲ.”

“ನಾನು ಹೇಳ್ತೀನಿ,” ಎಂದಿತು ಹಿಂದಿನಿಂದ ಒಂದು ದನಿ.

ಸಲ್ಮಿಯಾ ತಿರುಗಿ ನೋಡಿದಳು. ಧೂಳು ಹಿಡಿದ ಅಂಗಿ, ಹತ್ತು ದಿನದ ಗಡ್ಡ, ಕೈಯಲ್ಲಿ ವ್ಯಾನಿನ ಕೀಲಿ.

“ಬಂಗ್?” ಎಂದಳು. ಗಂಡನನ್ನು ಅವಳು ಕರೆಯುವುದೇ ಹಾಗೆ. “ನೀನ್ಯಾವಾಗ ಬಂದೆ?”

ರಜಾಲಿ ಅವಳ ಕಡೆ ನೋಡಲಿಲ್ಲ. “ತೋಕೆ, ನೀವು ಹುಡುಕ್ತಿರೋ ಮೇಷ್ಟ್ರು ನಾನೇ. ಬರೆಸಿ ನನ್ನ ಹೆಸರು.”

ತಾರ್ಮಿಜಿಯ ಬಾಯಿ ತೆರೆದುಕೊಂಡಿತು. ಆಮೇಲೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ನಿಮ್ಮ ಯಜಮಾನ್ರಾ? ಕಾವಲುಗಾರ್ತಿ ಮನೇಲೇನಾ!”

ಸಲ್ಮಿಯಾಳಿಗೆ ಆ ನಗು ಕೇಳಿಸಲಿಲ್ಲ. ಅಡುಗೆ ಕೋಣೆಯಲ್ಲಿದ್ದವರು ನಾಲ್ಕು ಜನ. ಮೂವರನ್ನು ಅವಳು ನೋಡಿ ಬಂದಿದ್ದಳು.

“ಆ ಪತ್ರ,” ಎಂದಳು. “ಆ ಪಟ್ಟಿ ನನಗೆ ಕಳಿಸಿದ್ದು...”

“ನಾನೇ ದೆಕ್.” ಹೆಂಡತಿಯನ್ನು ಅವನು ಕರೆಯುವುದು ಹಾಗೆ. ಕೋಪವಿರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು. “ಗಂಡ ಕೆಲಸ ಮಾಡೋ ಜಾಗ ಅಂತ ಗೊತ್ತಾದ್ರೆ ನೀನು ಆ ಪ್ರಕರಣ ಮುಟ್ಟಲ್ಲ, ನಿನ್ನ ನಿಯಮ ನಂಗೊತ್ತು. ಅದಕ್ಕೇ ಹೆಸರು ಹಾಕ್ಲಿಲ್ಲ. ನೀನು ಒಂದ್ಸಲ ಬಂದು ನೋಡಿದ್ರೆ ಸಾಕು, ಕಾವಲುಗಾರ್ತೀನೇ ಇವರ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದ್ರೆ ಯಾವ ತಿಮಿಂಗಿಲಾನೂ ಇವರನ್ನ ಮುಟ್ಟಲ್ಲ ಅಂದ್ಕೊಂಡೆ. ಜುಲೊ-ಜುಲೊ ನಿಂಗೆ ಗೊತ್ತಿಲ್ದೆ ಇರತ್ತಾ? ಬೆಟ್ಟದಲ್ಲಿ ಸಿಗ್ನಲ್ಲೇ ಇರ್ಲಿಲ್ಲ. ಆಗಿದ್ದು ಗೊತ್ತಾಗಿದ್ದು ಇವತ್ತು, ದಾರೀಲಿ ಅವರ ಮನೆ ಮುಂದೆ ನಿಲ್ಲಿಸಿದಾಗ.”

“ನಾನು...”

“ಮೂರು ಗುರುವಾರ ಅವರು ನಿಂಗೊಂದು ತಟ್ಟೆ ಅನ್ನ ಎತ್ತಿಟ್ಟಿದ್ರು. ಪೇಟೆಯಿಂದ ದೊಡ್ಡೋರು ಬರ್ತಾರೆ ಅಂತ ಹೇಳಿದ್ದೆ.”

ನೆಲ ಬಾಯಿ ಬಿಡಬಾರದೇ ಎಂದು ಜನ ಸುಮ್ಮನೆ ಹೇಳುವುದಿಲ್ಲ. ಸಲ್ಮಿಯಾ ನಿಜವಾಗಿ ಕಾಲ ಕೆಳಗಿನ ಹಾಸುಗಲ್ಲು ನೋಡಿದಳು. ಮೂರನೆಯ ಗುರುವಾರ ಆ ಹೆಂಗಸರು ತಟ್ಟೆ ಮುಚ್ಚಿಟ್ಟು ಬಾಗಿಲ ಕಡೆ ನೋಡುತ್ತಿದ್ದ ಹೊತ್ತಿಗೆ ಅವಳು ಮನೆಯ ಫ್ಯಾನಿನ ಕೆಳಗೆ ಕೂತು ತೀರ್ಪು ಬರೆಯುತ್ತಿದ್ದಳು. ಒಂದೂವರೆ ಗಂಟೆಯ ದಾರಿ ಅವಳಿಗೆ ದೂರವಾಗಿತ್ತು.

“ಚಂದದ ಸಂಸಾರ,” ಎಂದ ತಾರ್ಮಿಜಿ. ತನ್ನ ಫೋನನ್ನು ಮೇಜಿನ ಮೇಲಿಟ್ಟು, ಕೆಂಪು ಹಿಂತೆಗೆಯುವ ಪುಟ ತೆರೆದು ತೋರಿಸಿದ. “ಟೈಮು ನಾಲ್ಕೂ ಇಪ್ಪತ್ತೆಂಟು. ಬರೀರಿ ಟೀಚರಮ್ಮ. ಅವರೇ ಬರೆಸಿ ಅಂತಿದಾರಲ್ಲ.”

“ಬರಿ,” ಎಂದ ರಜಾಲಿ. “ಡ್ರೈವರಿಗೆ ಯಾವ ಹೆಸರು? ಹತ್ತು ಬೈಗುಳದ ಜೊತೆ ಇನ್ನೆರಡು ಬೈಗುಳ. ನಿಮ್ಮಮ್ಮ ಹೇಗೂ ಬೈತಾರೆ. ಬರಿ ದೆಕ್.”

ಸಲ್ಮಿಯಾ ಫೋನು ತೆಗೆದಳು. ಬರೆಯತೊಡಗಿದಳು. ತಾರ್ಮಿಜಿ ಗಡಿಯಾರ ನೋಡುತ್ತ ಕಾಫಿ ಮುಗಿಸಿದ.

ಆದರೆ ಅವಳು ಬರೆದದ್ದು ಬೇರೆ. ‘ಕುಆಲಾ ಮೆರಿಯಾದ ಹನ್ನೊಂದು ಜನ ನಿರಪರಾಧಿಗಳು. ಹೋಗಿ ನೋಡದೆ ಅವರನ್ನು ಕಳ್ಳರೆಂದು ಬರೆದವಳು ನಾನು, ಆ ದುಡ್ಡಿನಲ್ಲಿ ಮೆಗಾಂಗ್ ಮಾಂಸ ತಂದವಳು ನಾನು. ಅವರು ನಿರಪರಾಧಿಗಳೆಂದು ತಾರ್ಮಿಜಿಗೆ ಮೊದಲೇ ಗೊತ್ತಿತ್ತು. ಅವರಿಗೆ ಕಲಿಸಿದವರ ಹೆಸರು ಕೆಡಿಸಿದರೆ ಮಾತ್ರ ಕೆಂಪು ಹಿಂತೆಗೆಯುತ್ತೇನೆ ಎಂದು ತಾರ್ಮಿಜಿ ಇವತ್ತು ತಮ್ಮ ಅಂಗಡಿಯಲ್ಲಿ ನನಗೆ ಹೇಳಿದರು.’ ಕೆಳಗೆ ತನ್ನ ಪೂರ್ತಿ ಹೆಸರು. ಒತ್ತಿದಳು.

ಗೆಮಾದಲ್ಲಿ ಒಮ್ಮೆ ಬಿದ್ದದ್ದನ್ನು ದೇವರೂ ಅಳಿಸಲಾರ. ವಾರದಲ್ಲಿ ಮೊದಲ ಸಲ ಸಲ್ಮಿಯಾಳ ಎದೆ ಹಗುರಾಯಿತು. ಫೋನನ್ನು ತಾರ್ಮಿಜಿಯ ಮುಂದೆ ಸರಿಸಿದಳು.

ಅವನು ಓದಿದ. ಎರಡನೆಯ ಸಲ ಓದಿದ. ಒಂಬತ್ತು ವರ್ಷದಿಂದ ಇಳಿಯದ ನಗು ಇಳಿದುಹೋಯಿತು. ಹೊರಗಿನ ಸಾಲಿನಲ್ಲಿ ಆಗಲೇ ಯಾರದೋ ಫೋನು ಟಿಂಗ್ ಎಂದಿತು, ಇನ್ನೊಂದು, ಮತ್ತೊಂದು.

“ಒಳ್ಳೆಯ ಬರಹ,” ಎಂದ ಅವನು ಕೊನೆಗೆ. “ನನ್ನ ಮರ್ಯಾದೆ ತೆಗೆದ್ರಿ. ತೆಗೀರಿ, ಪರವಾಗಿಲ್ಲ. ಆದ್ರೆ ಒಂದು ಹೇಳಿ ಟೀಚರಮ್ಮ. ಈಗ ನಾನು ಕೆಂಪು ಯಾಕೆ ಹಿಂತೆಗೀಬೇಕು?”

ತನ್ನ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ನಾಲ್ಕೂ ಮೂವತ್ತಾರು.

ನಿಜ ಬರೆದ ಸಂಭ್ರಮದಲ್ಲಿ ಸಲ್ಮಿಯಾ ಇದನ್ನು ಯೋಚಿಸಿಯೇ ಇರಲಿಲ್ಲ. ತನ್ನ ಮನಸ್ಸು ತೊಳೆದುಕೊಂಡಳು, ನೀರು ಹೋಗಿ ಬಿದ್ದದ್ದು ಆ ಹನ್ನೊಂದು ಜನರ ಮೇಲೆ.

“ಬಂಗ್,” ಎಂದಳು. “ನಿನ್ನ ಹೆಸರು ಹೇಗೆ ಬರೀಲಿ ನಾನು? ಸುಳ್ಳು ಹೇಗೆ ಬರೀಲಿ?”

ರಜಾಲಿ ಅವಳನ್ನೇ ನೋಡಿದ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವನು ಹಾಗೆ ನೋಡಿರಲಿಲ್ಲ.

“ಹೋಗ್ಲಿ, ನನ್ನ ವಿಷಯ ಬಿಡು. ಅವರನ್ನ ಒಂದು ಮಾತು ಕೇಳಿದ್ಯಾ?”

“ಯಾರನ್ನ?”

“ಹನ್ನೊಂದು ಜನಾನ. ಹೋದ ವಾರಾನೂ ಕೇಳ್ದೆ ಒತ್ತಿದೆ. ಈಗ್ಲೂ ಕೇಳ್ದೆ ಒತ್ತಿದೆ.” ಅವನು ಬಾಗಿಲ ಕಡೆ ಕೈ ತೋರಿಸಿದ. “ತಮ್ಮ ಹೆಸರು ಮೇಲೇಳೋದನ್ನ ನೋಡ್ಬೇಕು ಅಂತ ಬಂದಿದಾರೆ. ಗಾಡೀಲೇ ಕೂತಿದಾರೆ.”

ಹೊರಗೆ ವ್ಯಾನಿನ ಬಾಗಿಲು ಸರಿದ ಸದ್ದಾಯಿತು. ಮೊದಲು ಇಳಿದವಳು ಬದ್ರಿಯಾ. ಅವಳು ಹಿಂದಕ್ಕೆ ಕೈ ಚಾಚಿ, ಏಳು ತಿಂಗಳ ಬಸುರಿ ಮಗಳನ್ನು ನಿಧಾನವಾಗಿ ಇಳಿಸಿಕೊಂಡು, ಅಂಗಡಿಯೊಳಗೆ ಬಂದಳು.

“ಆಯ್ತಾ ಟೀಚರಮ್ಮ?” ಎಂದು ಕೇಳಿದಳು.